ಯಾವ ಗಣಪತಿ?

ಮೊನ್ನೆ ಮಂಗಳವಾರ, ಶಿರಸಿಯಲ್ಲಿ ಧೋ ಮಳೆ. ಕೊರಿಯರ್ ಹುಡುಗ ಅಂಗಳದಲ್ಲಿ ನಿಂತು, "ಗಣಪತಿ ಹೆಗಡೆಯವರ ಮನೆ ಇದೇನಾ?" ಅಂದ. ಆಯಿ ಜಗಲಿಯಿಂದಲೇ ಕೇಳಿದಳು, "ಯಾವ ಗಣಪತಿ ಮಾರಾಯಾ?"

ನಮ್ಮ ಕೇರಿಯಲ್ಲೇ ಮೂವರಿದ್ದಾರೆ. ಅಪ್ಪಯ್ಯನೂ ಒಬ್ಬ. ಹುಡುಗ ಪಾಪ ಮೇಲಿನಮನೆ ಕಡೆ ಹೋದ.

ನಾನು ಒಳಗೆ ತಲೆ ಹಿಡಿದು ಕೂತಿದ್ದೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಒಂದು ಇವೆಂಟ್ ಟ್ರಿಗರ್ ಬರೆದಿದ್ದೆ, ಅಂದರೆ ಡೇಟಾಬೇಸಿನ ರಚನೆ ಬದಲಾದಾಗ ತಾನಾಗಿ ಓಡುವ ಕೋಡು. ಯಾರೇ ಟೇಬಲ್ಲು, ಫಂಕ್ಷನ್ನು ಮಾಡಿದರೂ ಲಾಗ್ ಟೇಬಲ್‌ಗೆ ಒಂದು ಸಾಲು ಬೀಳಬೇಕು, ಅಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ಏನೂ ತೊಂದರೆ ಇಲ್ಲ. ಸರ್ವರ್‌ನಲ್ಲಿ ನಕ್ಷೆ ಕೆಲಸದ ಪೋಸ್ಟ್‌ಜಿಐಎಸ್ ಅನ್ನುವ ಎಕ್ಸ್‌ಟೆನ್ಶನ್ (ಡೇಟಾಬೇಸಿಗೆ ಹಾಕುವ ಜೋಡಣೆ) ಹಾಕಲು ಹೋದರೆ ಮಾತ್ರ ಆ ಲಾಗ್ ಟೇಬಲ್ಲೇ ಇಲ್ಲ ಅನ್ನುವ ಎರರ್. ಇನ್‌ಸ್ಟಾಲ್ ಪೂರ್ತಿ ರದ್ದು. ಟೇಬಲ್ ಕಣ್ಣೆದುರೇ ಇದೆ! ಬೆಂಗಳೂರಿನ ಟೀಮ್ ಲೀಡ್ ಫೋನಿನಲ್ಲಿ, "ನೀನೇ ಡಿಲೀಟ್ ಮಾಡಿರ್ತೀಯ, ನೋಡು" ಅಂದರು. ಒಳ್ಳೆಯ ಮನುಷ್ಯ. ಆದರೆ ಎರರನ್ನು ಕೊನೆಯ ಸಾಲಿನವರೆಗೆ ಓದಿದ್ದು ನಾನಂತೂ ನೋಡಿಲ್ಲ.

ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಇನ್ವರ್ಟರ್ ಕೀಂಯ್ ಅನ್ನುತ್ತಿತ್ತು. ಟೇಬಲ್ಲುಗಳನ್ನು ಗುಂಪಾಗಿ ಇಡುವ ಜಾಗಕ್ಕೆ ಸ್ಕೀಮಾ ಅಂತಾರೆ; ಬರೀ ಹೆಸರು ಕೊಟ್ಟರೆ ಯಾವ್ಯಾವ ಸ್ಕೀಮಾದಲ್ಲಿ ಹುಡುಕಬೇಕು ಅನ್ನುವ ಪಟ್ಟಿಯೇ ಸರ್ಚ್ ಪಾತ್. ಟ್ರಿಗರ್ ಓಡುವ ಹೊತ್ತಿಗೆ ಅದು ಏನಿದೆ ಅಂತ ಸುಮ್ನೆ ಪ್ರಿಂಟ್ ಮಾಡಿಸಿದೆ. ಅದರಲ್ಲಿ ನನ್ನ ಲಾಗ್ ಟೇಬಲ್ ಇರುವ 'ಪಬ್ಲಿಕ್' ಸ್ಕೀಮಾ ಇಲ್ಲವೇ ಇಲ್ಲ. ಎಕ್ಸ್‌ಟೆನ್ಶನ್‌ನ ಸ್ಕ್ರಿಪ್ಟ್ ಓಡುವಾಗ ಪೋಸ್ಟ್‌ಗ್ರೆಸ್ ಸರ್ಚ್ ಪಾತನ್ನು ಆ ಎಕ್ಸ್‌ಟೆನ್ಶನ್ ಕೂರುವ ಸ್ಕೀಮಾಕ್ಕೆ ತಿರುಗಿಸಿಬಿಡುತ್ತದೆ. ಸ್ಕ್ರಿಪ್ಟಿನ ಒಂದೊಂದು ಕಮಾಂಡಿಗೂ ನನ್ನ ಟ್ರಿಗರ್ ಏಳುತ್ತದೆ, ಎದ್ದು ಬರೀ ಹೆಸರು ಹಿಡಿದು ಟೇಬಲ್ ಹುಡುಕುತ್ತದೆ. ಲ್ಯಾಪ್‌ಟಾಪಿನಲ್ಲಿ ಟೇಬಲ್ಲು, ಎಕ್ಸ್‌ಟೆನ್ಶನ್ನು ಎರಡೂ ಪಬ್ಲಿಕ್‌ನಲ್ಲೇ ಇದ್ದವು, ಹಾಗಾಗಿ ಸಿಕ್ಕಿತ್ತು. ಸರ್ವರ್‌ನಲ್ಲಿ ಎಕ್ಸ್‌ಟೆನ್ಶನ್‌ಗೆ ಬೇರೆ ಸ್ಕೀಮಾ.

ಯಾವ ಗಣಪತಿ ಮಾರಾಯಾ?

ಟೇಬಲ್ ಹೆಸರಿನ ಮುಂದೆ 'ಪಬ್ಲಿಕ್' ಮತ್ತು ಒಂದು ಚುಕ್ಕಿ. ಅರ್ಧ ದಿನದ ಕೆಲಸ ಅಷ್ಟೇ. ಎಕ್ಸ್‌ಟೆನ್ಶನ್ ಒಳಗಿನ ಕಮಾಂಡುಗಳನ್ನು ಲಾಗ್ ಮಾಡದೆ ಬಿಡುವ ಸಾಲನ್ನೂ ಸೇರಿಸಿದೆ. ಕಮಾಂಡು ಎಕ್ಸ್‌ಟೆನ್ಶನ್ ಸ್ಕ್ರಿಪ್ಟಿನದ್ದಾ ಅಂತ ಹೇಳುವ ಇನ್-ಎಕ್ಸ್‌ಟೆನ್ಶನ್ ಕಾಲಂ ಪೋಸ್ಟ್‌ಗ್ರೆಸ್‌ನ 9.5ನೇ ಆವೃತ್ತಿಯಿಂದಲೇ ಇದೆ. ನಾನೇ ನೋಡಿರಲಿಲ್ಲ.

ಬೆಂಗಳೂರಿನಲ್ಲಿ ಎಂಟು ವರ್ಷ ಫ್ಲ್ಯಾಟ್ ನಂಬರಿನಲ್ಲೇ ಬದುಕಿದವನು ನಾನು. ಇಲ್ಲಿ ಮನೆ ಹೆಸರು ಹೇಳದೆ ಯಾರನ್ನು ಕೇಳಿದರೂ ತಪ್ಪು ಅಂಗಳಕ್ಕೇ ಹೋಗಿ ನಿಲ್ಲುವುದು. ಚಿಕ್ಕವನಿದ್ದಾಗ ಇದು ಗೊತ್ತಿತ್ತು, ಅಲ್ವಾ?

ಸಂಜೆ ಆಯಿ, "ತಮಾ, ಆ ಪಾರ್ಸೆಲ್ ನೀ ತರಿಸಿದ್ದನಾ?" ಅಂದಳು. ಹೌದು, ನಾನೇ. ಅಪ್ಪಯ್ಯನ ಹೆಸರು ಹಾಕಿ, ಮನೆ ಹೆಸರು ಬರೆಯದೆ. ಓಡಿದೆ. ಮೇಲಿನಮನೆ ಗಣಪತಿ ಮಾವ ನನ್ನ ಹೊಸ ಚಾರ್ಜರನ್ನು ಆಗಲೇ ಗೋಡೆಗೆ ಸಿಕ್ಕಿಸಿ, ಕರೆಂಟಿಗೆ ಕಾಯುತ್ತ ಕೂತಿದ್ದ.