‘ನಾನು ಯಾರು ಹೇಳಿ ನೋಡೋಣ’ ಎನ್ನುವ ಮುನ್ನ

ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಇರುವವರ ಮನೆಗೆ ಬರುವ ನೆಂಟರಲ್ಲಿ ಹೆಚ್ಚಿನವರು ಕುಳಿತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ‘ನಾನು ಯಾರು ಗೊತ್ತಾಯ್ತಾ? ಹೇಳಿ ನೋಡೋಣ.’ ನಮ್ಮ ದೊಡ್ಡಮ್ಮನಿಗೆ ಈ ಪರೀಕ್ಷೆ ಎಷ್ಟು ಸಲ ನಡೆಯಿತೋ ಲೆಕ್ಕವಿಲ್ಲ. ಮೊದಮೊದಲು ಅವರು ‘ನಿಮ್ಮನ್ನು ಮರೆಯಲಾದೀತೇ’ ಎಂದು ನಕ್ಕು ಜಾಣತನದಿಂದ ಜಾರಿಕೊಳ್ಳುತ್ತಿದ್ದರು. ಬರುಬರುತ್ತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಸೊಸೆಯ ಮುಖ ನೋಡತೊಡಗಿದರು. ಕೇಳಿದವರಿಗೆ ಇದ್ದದ್ದು ಅಕ್ಕರೆಯೇ. ಆದರೆ ಅವರು ಹೊರಟುಹೋದ ಮೇಲೂ ಉಳಿಯುತ್ತಿದ್ದ ಆ ಕಸಿವಿಸಿಯನ್ನು ರಾತ್ರಿಯವರೆಗೆ ಸಂಭಾಳಿಸಬೇಕಾಗುತ್ತಿದ್ದುದು ಸೊಸೆ.

ಹೊಸ ಸಂಗತಿಗಳನ್ನು ನೆನಪಾಗಿ ಉಳಿಸಿಕೊಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಹಳ ಬೇಗ ಹಾನಿಗೊಳ್ಳುತ್ತದೆ. ಆದ್ದರಿಂದಲೇ ಬೆಳಗ್ಗೆ ತಿಂಡಿ ತಿಂದದ್ದನ್ನು ಮರೆತವರು ತವರಿನ ಅಡಕೆ ಕೊಯ್ಲಿನ ಕಥೆಯನ್ನು ಎಳೆಎಳೆಯಾಗಿ ಹೇಳಬಲ್ಲರು. ‘ಅತ್ತೆ, ನಾನು ನಿಮ್ಮ ತಮ್ಮನ ಮಗಳು, ಊರಿಂದ ಬಂದೆ’ ಎಂದು ತಾನಾಗಿಯೇ ಪರಿಚಯ ಹೇಳಿಕೊಂಡು ಆ ಕೊಯ್ಲಿನ ಮಾತೆತ್ತಿದರೆ ಅರ್ಧ ಗಂಟೆ ಇಬ್ಬರಿಗೂ ಸುಖವಾಗಿ ಕಳೆಯುತ್ತದೆ.

‘ವಯಸ್ಸಾಯಿತಲ್ಲ, ಅರಳು ಮರುಳು’ ಎಂದು ಸುಮ್ಮನಾಗುವುದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ. ತಪಾಸಣೆ ಮಾಡಿಸದೆ ಅದು ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ಗುತ್ತಾ ಹೋಗುವ ಸ್ಥಿತಿ) ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವೇ ಅಲ್ಝೈಮರ್ಸ್. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ದೀರ್ಘಕಾಲದಿಂದ ಅಧ್ಯಯನ ಮಾಡುತ್ತಿದೆ. ಆದರೂ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುತ್ತವೆ, ಅಷ್ಟೆ. ಮಿಕ್ಕದ್ದು ಮನೆಯವರ ಮತ್ತು ಬೀದಿಯವರ ಪಾಲಿಗೆ ಬರುತ್ತದೆ.

ಬೀದಿಯವರು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಹೊತ್ತು ಇಳಿಯುತ್ತಿದ್ದಂತೆ ಈ ಹಿರಿಯರಲ್ಲಿ ಹಲವರಿಗೆ ತಳಮಳ ಹೆಚ್ಚುತ್ತದೆ. ತಮ್ಮದೇ ಮನೆಯಲ್ಲಿ ನಿಂತು ‘ನಾನು ಮನೆಗೆ ಹೋಗಬೇಕು’ ಎಂದು ಹೊರಟೇಬಿಡುತ್ತಾರೆ. ಆಗ ಅವರನ್ನು ಮೊದಲು ಕಾಣುವವರು ಮೂಲೆಯ ಅಂಗಡಿಯವರು, ಆಟೋ ನಿಲ್ದಾಣದವರು, ಹೂ ಮಾರುವ ಅಮ್ಮ. ಕಾಯಿಲೆಯ ವಿಷಯವನ್ನು ಇವರಿಗೆ ಹೇಳಲು ಮನೆಯವರು ನಾಚುತ್ತಾರೆ. ಮಧುಮೇಹವನ್ನು ಮದುವೆಮನೆಯ ಪಂಕ್ತಿಯಲ್ಲೇ ಸಾರುವ ನಾವು ಇದನ್ನು ಮಾತ್ರ ಮುಚ್ಚಿಡುವುದೇಕೋ! ನಮ್ಮ ಅತ್ತಿಗೆ, ಅಂದರೆ ದೊಡ್ಡಮ್ಮನ ಸೊಸೆ, ಕೊನೆಗೆ ಸಂಕೋಚ ಬಿಟ್ಟು ಬೀದಿಯ ಅಂಗಡಿಗಳಿಗೆಲ್ಲ ತಮ್ಮ ನಂಬರ್ ಕೊಟ್ಟು ಬಂದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವಾರಕ್ಕೊಮ್ಮೆ ಪತ್ರಿಕೆ ಹಿಡಿದು ಬಂದು ದೊಡ್ಡಮ್ಮನ ಬಳಿ ಕೂರತೊಡಗಿದ್ದು ಆಮೇಲೆಯೇ. ಆ ಹೊತ್ತಿನಲ್ಲೇ ಅತ್ತಿಗೆ ಬ್ಯಾಂಕಿಗೆ ಹೋಗಿ ಬರುತ್ತಿದ್ದರು.

ಹಿರಿಯರ ಜೇಬಿನಲ್ಲೋ ಕೈಚೀಲದಲ್ಲೋ ವಿಳಾಸದ ಚೀಟಿ ಇರಲಿ. ಅವರು ಕಾಣೆಯಾದರೆ ‘ಬರುತ್ತಾರೆ ಬಿಡಿ’ ಎಂದು ಕಾಯದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಇತ್ತೀಚಿನ ಫೋಟೊ ಮತ್ತು ಉಟ್ಟ ಬಟ್ಟೆಯ ಬಣ್ಣ ತಿಳಿಸಿ. ಆರೈಕೆಯ ಬಗ್ಗೆ ಮಾಹಿತಿ ಬೇಕಿದ್ದರೆ ಹಿರಿಯರ ಉಚಿತ ಸಹಾಯವಾಣಿ 14567ರಲ್ಲಿ ಕೇಳಬಹುದು.