ಐದೂಕಾಲು, ನಾಲ್ಕೂಮುಕ್ಕಾಲು

ನಮ್ಮ ಹೋಟೆಲಿನಲ್ಲಿ ಅತಿಥಿಗಳನ್ನು ಎಬ್ಬಿಸುವ ಕರೆಗಳ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇತ್ತು: ಕೋಣೆ 204, ಬೆಳಿಗ್ಗೆ 5.15, ಟ್ಯಾಕ್ಸಿ 5.30. ಅಕ್ಟೋಬರ್ ತಿಂಗಳ ಆ ಭಾನುವಾರ ಎಂಟು ಗಂಟೆಗೆ ನಾನು ಕೆಲಸಕ್ಕೆ ಬಂದಾಗ ರಾತ್ರಿ ಪಾಳಿಯ ಹುಡುಗ ಅದೇ ಪುಟವನ್ನು ತೆರೆದು ಕೌಂಟರಿನ ಮೇಲೆ ಇಟ್ಟಿದ್ದ. “ಅಕ್ಕಾ, ಅವರು ಹೇಳಿದ್ದು ನಾಲ್ಕೂಮುಕ್ಕಾಲಂತೆ” ಎಂದ.

204ರಲ್ಲಿ ಇದ್ದವರು ಸ್ಕಾಟ್ಲೆಂಡಿನ ದಂಪತಿ. ಇಬ್ಬರೂ ಕೆಲಸದಿಂದ ನಿವೃತ್ತರಾದವರು. ಚಿಕ್ಕಬಳ್ಳಾಪುರದಲ್ಲಿ ಮೂರು ರಾತ್ರಿ ಇದ್ದು, ಇಲ್ಲಿಂದ ಲೇಪಾಕ್ಷಿಗೆ, ಆಮೇಲೆ ಹಂಪಿಗೆ ಹೋಗುವವರಿದ್ದರು. ನಂದಿ ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕೆಂಬುದು ಆ ತಾಯಿಯ ಆಸೆ. ಅಕ್ಟೋಬರಿನಲ್ಲಿ ಆರೂಕಾಲರ ಸುಮಾರಿಗೆ ಬೆಳಕು ಹರಿದುಬಿಡುತ್ತದೆ. ಭಾನುವಾರವಂತೂ ಬೆಂಗಳೂರಿನ ಕಾರು, ಬೈಕುಗಳು ಕತ್ತಲಿರುವಾಗಲೇ ಬೆಟ್ಟದ ಬುಡದಲ್ಲಿ ಸಾಲುಗಟ್ಟುತ್ತವೆ. ಅರ್ಧ ಗಂಟೆ ತಡವಾದರೆ ಸಾಲಿನ ಬಾಲಕ್ಕೇ ಹೋಗಬೇಕು. ಅವರಿಗೂ ಹಾಗೆಯೇ ಆಗಿತ್ತು. ಟ್ಯಾಕ್ಸಿ ತಿರುವುಗಳಲ್ಲಿ ಇರುವಾಗಲೇ ಸೂರ್ಯ ಮೇಲೆ ಬಂದಿದ್ದ.

ಹಿಂದಿನ ಸಂಜೆ ಆಕೆ ಹೇಳಿದ್ದು ‘ಕ್ವಾರ್ಟರ್ ಟು ಫೈವ್’ ಎಂದು. ನನ್ನ ಕಿವಿಗೆ ಬಿದ್ದದ್ದು ಎರಡೇ ಪದ: ಕ್ವಾರ್ಟರ್, ಫೈವ್. ನಡುವಿನ ‘ಟು’ ಆಕೆಯ ಬಾಯಲ್ಲಿ ಕೇಳಿಯೂ ಕೇಳದಷ್ಟು ಚಿಕ್ಕದಾಗಿತ್ತು. ಐದು, ಅದರ ಜೊತೆಗೆ ಕಾಲು ಎಂದರೆ ನಮಗೆ ಐದೂಕಾಲು. ಇದರಲ್ಲಿ ಯೋಚಿಸುವುದೇನಿದೆ ಎಂದು ಕೈ ತಾನಾಗಿಯೇ ಬರೆಯಿತು. ನಾವು ಮುಗಿದ ಗಂಟೆಯನ್ನು ಹಿಡಿದುಕೊಂಡು ಅದಕ್ಕೆ ಕೂಡಿಸುತ್ತಾ ಹೋಗುತ್ತೇವೆ: ನಾಲ್ಕೂಕಾಲು, ನಾಲ್ಕೂವರೆ, ನಾಲ್ಕೂಮುಕ್ಕಾಲು. ಇಂಗ್ಲಿಷಿನವರು ಅರ್ಧ ದಾಟಿದ ಕೂಡಲೇ ಮುಂದಿನ ಗಂಟೆಯ ಕಡೆ ಮುಖ ಮಾಡಿ, ಅದಕ್ಕೆ ಎಷ್ಟು ಬಾಕಿ ಎಂದು ಎಣಿಸುತ್ತಾರೆ. ‘ಐದಕ್ಕೆ ಹತ್ತು ನಿಮಿಷ’ ಎಂದು ನಾವೂ ಹೇಳುತ್ತೇವೆ, ನಿಜ. ಆದರೆ ‘ಐದಕ್ಕೆ ಕಾಲು’ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ. ಬಿ.ಕಾಂ. ಮುಗಿಸಿದ್ದೆ, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ನೋಡಿ ಆನ್‌ಲೈನಿನಲ್ಲಿ ‘ಫಾರ್ಮ್ ಸಿ’ ತುಂಬಿ ಕಳುಹಿಸಬೇಕಿತ್ತು. ಆ ಕೆಲಸವನ್ನು ನಾನು ಒಂದು ಅಕ್ಷರವೂ ತಪ್ಪದಂತೆ ಮಾಡುತ್ತಿದ್ದೆ. ಕಣ್ಣಿಗೆ ಕಾಣುವ ಇಂಗ್ಲಿಷ್ ನನ್ನದಾಗಿತ್ತು. ಕಿವಿಗೆ ಬೀಳುವ ಇಂಗ್ಲಿಷನ್ನು ಮಾತ್ರ ಯಾವ ತರಗತಿಯಲ್ಲೂ ನನಗೆ ಯಾರೂ ಕೇಳಿಸಿರಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನಮ್ಮ ಕಡೆಯ ಬಹಳಷ್ಟು ಮಕ್ಕಳ ಹಾಗೆ. ಇಂಗ್ಲಿಷ್ ಪುಸ್ತಕದ ಹಾಳೆಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು.

ಒಂಬತ್ತು ಗಂಟೆಗೆ ಅವರು ಬೆಟ್ಟದಿಂದ ಬಂದರು. ನಾನು ಎದ್ದು ನಿಂತು ಸಾರಿ ಎಂದೆ. ಇನ್ನೊಮ್ಮೆ ಸಾರಿ ಎಂದೆ. ಆಮೇಲೆ ತಲೆ ತಗ್ಗಿಸಿ ನಿಂತೆ. ಕನ್ನಡದಲ್ಲಾಗಿದ್ದರೆ ‘ನನ್ನಿಂದ ತಪ್ಪಾಯಿತು’ ಎಂದು ಹಾಗೆ ನಿಂತರೆ ಎದುರಿನವರು ‘ಹೋಗಲಿ ಬಿಡಮ್ಮಾ’ ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಅವರು ಮಾತ್ರ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು. ನಾನು ಇನ್ನೇನೋ ಹೇಳಬೇಕಿತ್ತು ಎಂಬುದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಆಕೆಯ ಯಜಮಾನರು ಕೀ ತೆಗೆದುಕೊಂಡು ಮೆಟ್ಟಿಲು ಹತ್ತಿದರು.

ಹೌಸ್‌ಕೀಪಿಂಗ್ ಅಕ್ಕ ಹಾಸಿಗೆ ಬಟ್ಟೆಗಳ ಗಂಟು ಹೊತ್ತು ಅಲ್ಲೇ ನಿಂತಿದ್ದರು. “ಸಾರಿ ಹೇಳಿದೆಯಲ್ಲ, ಸರಿ. ಈಗ ಏನು ಮಾಡುತ್ತೀಯ ಎಂದು ಅವರು ಕಾಯುತ್ತಿದ್ದಾರೆ. ಅದನ್ನು ಹೇಳು” ಎಂದರು.

ಈ ಅಕ್ಕನ ಬಗ್ಗೆ ಹೇಳಲೇಬೇಕು. ಏಳನೆಯ ತರಗತಿಗೆ ಓದು ಬಿಟ್ಟವರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಾರದು. ಆದರೆ ಕೋಣೆಯ ಬಾಗಿಲನ್ನು ಮೂರು ಸಲ ಬೆರಳಿನ ಗಂಟಿನಿಂದ ತಟ್ಟಿ, ‘ಹೌಸ್‌ಕೀಪಿಂಗ್’ ಎಂದು ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಮತ್ತೆ ತಟ್ಟುವ ಅವರ ರೀತಿಯಲ್ಲಿ ಅತಿಥಿಗೆ ಕೊಡಬೇಕಾದ ಮರ್ಯಾದೆಯೆಲ್ಲ ಇರುತ್ತದೆ. ‘ವುಡ್ಯುಲೈಕ್’ ಎಂಬುದು ಅವರಿಗೆ ಒಂದೇ ಪದ. ವುಡ್ಯುಲೈಕ್ ಟವೆಲ್, ವುಡ್ಯುಲೈಕ್ ವಾಟರ್. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ವಾಂಟ್ ವಾಟರ್?’ ಎನ್ನುತ್ತಿದ್ದೆ. ‘ನೀರು ಬೇಕಾ?’ ಎಂಬುದರ ಇಂಗ್ಲಿಷ್ ಅದೇ ಎಂದುಕೊಂಡಿದ್ದೆ. ಅಕ್ಕ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, “ನೀನು ಹೇಳಿದಾಗ ಅವರ ಹುಬ್ಬು ಮೇಲೆ ಹೋಗುತ್ತದೆ, ನಾನು ಹೇಳಿದಾಗ ನಗುತ್ತಾರೆ. ಯಾಕೆ ಎಂದು ನನಗೆ ಗೊತ್ತಿಲ್ಲ, ನೀನು ಓದಿದವಳು, ನೋಡು” ಎಂದಿದ್ದರು.

ನೋಡಿದೆ. ತಿಂಗಳುಗಟ್ಟಲೆ ನೋಡಿದ ಮೇಲೆ ತಿಳಿಯಿತು. ನಮ್ಮ ಮರ್ಯಾದೆ ಕ್ರಿಯಾಪದದ ತುದಿಯಲ್ಲಿ ಕುಳಿತಿದೆ. ‘ಕುಳಿತುಕೋ’ ಎನ್ನುವುದಕ್ಕೂ ‘ಕುಳಿತುಕೊಳ್ಳಿ’ ಎನ್ನುವುದಕ್ಕೂ ನಡುವೆ ಇರುವುದು ಒಂದು ತುಣುಕು ಧ್ವನಿ, ಅದರಲ್ಲೇ ಎಲ್ಲ ಬಂದುಹೋಗುತ್ತದೆ. ತೆಲುಗಿನ ‘ಕೂರ್ಚೋಂಡಿ’ಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ‘ಯು’ ಒಂದೇ, ‘ಸಿಟ್’ ಎಂಬುದಕ್ಕೆ ತುದಿಯೇ ಇಲ್ಲ. ನಾವು ‘ಕುಳಿತುಕೊಳ್ಳಿ’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಸಿಟ್’ ಎಂದಾಗ ನಮ್ಮ ‘ಳ್ಳಿ’ ದಾರಿಯಲ್ಲೇ ಉದುರಿಹೋಗಿ ಅವರಿಗೆ ‘ಕುಳಿತುಕೋ’ ಮಾತ್ರ ತಲುಪುತ್ತದೆ. ಫೋನ್ ಎತ್ತಿ ‘ಹೇಳಿ ಸರ್’ ಎನ್ನುವ ಬದಲು ‘ಟೆಲ್ ಸರ್’ ಎನ್ನುವುದೂ ಇದೇ. ಅವರ ಮರ್ಯಾದೆ ವಾಕ್ಯದ ತಲೆಯಲ್ಲಿದೆ: ವುಡ್ ಯು, ಮೇ ಐ, ಕುಡ್ ಯು. ಅದನ್ನು ಮೊದಲೇ ಇಟ್ಟು ಮುಂದುವರಿಯಬೇಕು. ಕೆಲಸಕ್ಕೆಂದು ಇಂಗ್ಲಿಷ್ ಕಲಿಯುವ ನಮ್ಮ ಹುಡುಗ ಹುಡುಗಿಯರಿಗೆ ಕಾಲಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೊದಲು ಇದೊಂದನ್ನು ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ನಮ್ಮವರು ಒರಟರಲ್ಲ. ಮನೆಗೆ ಬಂದವರಿಗೆ ನೀರು ಕೊಡದೆ ಮಾತು ಆರಂಭಿಸದ ಜನ ಬೇರೆ ಭಾಷೆಯಲ್ಲಿ ಒರಟರಾಗಿ ಕೇಳಿಸುವುದು ನನಗೆ ನೋವಿನ ವಿಷಯ.

ಊಟದ ಕೋಣೆಯದು ಇನ್ನೊಂದು ಕಥೆ. ‘ಈಸ್ ಇಟ್ ಹಾಟ್?’ ಎಂದು ಅತಿಥಿ ಕೇಳಿದರೆ ನಮ್ಮ ಬಡಿಸುವ ಹುಡುಗರು ಹೆಮ್ಮೆಯಿಂದ ‘ವೆರಿ ಹಾಟ್’ ಎನ್ನುತ್ತಿದ್ದರು, ಒಲೆಯಿಂದ ಆಗತಾನೇ ಇಳಿದ ಸಾರು ಎಂಬ ಅರ್ಥದಲ್ಲಿ. ಅತಿಥಿ ಖಾರಕ್ಕೆ ಹೆದರಿ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಬಿಸಿಗೂ ಖಾರಕ್ಕೂ ನಮ್ಮಲ್ಲಿ ಬೇರೆ ಬೇರೆ ಪದ ಇರುವಾಗ ಅವರ ಒಂದೇ ಪದದ ಒಳಗೆ ಎರಡೂ ಅಡಗಿವೆ ಎಂದು ಹೊಳೆಯುವುದು ಹೇಗೆ? ಈಗ ಖಾರಕ್ಕೆ ‘ಸ್ಪೈಸಿ’ ಎಂಬ ಪದವನ್ನು ಎಲ್ಲರಿಗೂ ಕಲಿಸಿದ್ದೇವೆ.

ಆ ಭಾನುವಾರಕ್ಕೆ ಬರುತ್ತೇನೆ. ಅಕ್ಕ ಹೇಳಿದ ಮೇಲೆ ಒಂದು ಚೀಟಿಯಲ್ಲಿ ಮಾತುಗಳನ್ನು ಬರೆದುಕೊಂಡು, ಎರಡು ಸಲ ಓದಿಕೊಂಡು, ಮ್ಯಾನೇಜರ್ ಸರ್ ಅವರನ್ನು ಕೇಳಿ ಮೇಲೆ ಹೋದೆ. ಬಾಗಿಲು ತಟ್ಟಿ ಹತ್ತು ಎಣಿಸಿದೆ. ತಪ್ಪು ನನ್ನದು, ಸಮಯವನ್ನು ತಪ್ಪಾಗಿ ಕೇಳಿಸಿಕೊಂಡೆ, ನಾಳೆ ಬೆಳಿಗ್ಗೆ ನಮ್ಮ ಖರ್ಚಿನಲ್ಲಿ ಮತ್ತೆ ಟ್ಯಾಕ್ಸಿ ಕಳುಹಿಸುತ್ತೇವೆ, ಇವತ್ತು ಸಂಜೆ ನೀವು ಇಷ್ಟಪಟ್ಟರೆ ಬೆಟ್ಟದ ಕೆಳಗಿನ ದೇವಸ್ಥಾನವನ್ನು ನಾನೇ ತೋರಿಸುತ್ತೇನೆ. ಇಷ್ಟನ್ನು ಹೇಳಿದೆ. ಯಜಮಾನರ ಮುಖ ಸಡಿಲವಾಯಿತು. ಆ ತಾಯಿ ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು, ಏನೂ ಕೇಳಲಿಲ್ಲ.

ನಂದಿ ಗ್ರಾಮದ ಭೋಗನಂದೀಶ್ವರ ನಮ್ಮ ಕುಟುಂಬದವರು ವರ್ಷಕ್ಕೊಮ್ಮೆಯಾದರೂ ಹೋಗುವ ಸ್ಥಳ. 9ನೇ ಶತಮಾನದಿಂದ ಬೆಳೆಯುತ್ತಾ ಬಂದ ಗುಡಿ, ಒಂದೊಂದು ರಾಜಮನೆತನವೂ ಒಂದೊಂದನ್ನು ಸೇರಿಸುತ್ತಾ ಹೋಗಿದೆ. ಕಣ್ಣು ಮುಚ್ಚಿಕೊಂಡು ಪ್ರದಕ್ಷಿಣೆ ಹಾಕಬಲ್ಲೆ. ಆದರೂ ಅಲ್ಲಿ ನಿಂತಾಗ ನಾಲಿಗೆ ಕಟ್ಟಿಹೋಯಿತು. ಕಲ್ಯಾಣಿಯನ್ನು ತೋರಿಸಲು ಹೊರಟು, ಓದಿದ ನೆನಪಿನಲ್ಲಿ ‘ಟ್ಯಾಂಕ್’ ಎಂದೆ. ಯಜಮಾನರು ತಲೆಯೆತ್ತಿ ಮಾಡಿನ ಮೇಲೆ ಹುಡುಕಿದರು. ಮಾತು ಬಿಟ್ಟು ಅವರನ್ನು ಒಳಗೆ ಕರೆದುಕೊಂಡು ಹೋದೆ. ನಾಲ್ಕೂ ಕಡೆಯಿಂದ ಇಳಿಯುವ ಕಲ್ಲಿನ ಮೆಟ್ಟಿಲುಗಳು, ಸುತ್ತ ಕಂಬಗಳ ಸಾಲು, ಕೆಳಗೆ ಹಸಿರು ನೀರು. ಅವರಿಬ್ಬರೂ ಮೇಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಅವರ ಪಕ್ಕದಲ್ಲಿ ನಿಧಾನವಾಗಿ ‘ಕಲ್ಯಾಣಿ’ ಎಂದೆ. ಆ ತಾಯಿ ‘ಕಲ್ಯಾಣಿ’ ಎಂದರು, ‘ಣ’ವನ್ನು ‘ನ’ ಮಾಡದೆ, ಸರಿಯಾಗಿ. ಎಲ್ಲದಕ್ಕೂ ಇಂಗ್ಲಿಷ್ ಪದ ಹುಡುಕಬೇಕಾಗಿಲ್ಲ ಎಂದು ಆಗ ಧೈರ್ಯ ಬಂತು.

ಆಮೇಲೆ ನಮ್ಮಜ್ಜಿ ಹೇಳುತ್ತಿದ್ದದ್ದನ್ನು ಹೇಳಲು ಪ್ರಯತ್ನಿಸಿದೆ. ಇಲ್ಲಿನ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿರುವ ಯೋಗನಂದೀಶ್ವರ ವೈರಾಗ್ಯ. ಬಾಲ್ಯ, ಯೌವನ ಸುಲಭವಾಗಿ ಬಂದವು. ವೈರಾಗ್ಯಕ್ಕೆ ಪದ ಸಿಗಲಿಲ್ಲ. ಮೊಬೈಲಿನಲ್ಲಿ ಹುಡುಕಲು ಮನಸ್ಸಾಗಲಿಲ್ಲ. ಅಜ್ಜಿ ಅದನ್ನು ಮಕ್ಕಳಿಗೆ ಹೇಗೆ ಹೇಳುತ್ತಿದ್ದರು ಎಂದು ನೆನೆಸಿಕೊಂಡೆ: ‘ಎಲ್ಲ ಬಿಟ್ಟು ಮೇಲೆ ಹೋದ.’ ಅದನ್ನೇ ಚಿಕ್ಕ ಚಿಕ್ಕ ಪದಗಳಲ್ಲಿ ಇಂಗ್ಲಿಷಿಗೆ ತಂದೆ. ಎಲ್ಲವನ್ನೂ ಬಿಟ್ಟ, ಬೆಟ್ಟ ಹತ್ತಿದ. ಯಜಮಾನರು ಬಹಳ ಹೊತ್ತು ಬೆಟ್ಟದ ಕಡೆ ನೋಡುತ್ತಿದ್ದರು. ತಾವು ಕೆಲಸ ಬಿಟ್ಟು ಎರಡು ವರ್ಷವಾಯಿತು, ಬಿಡುವುದು ಇನ್ನೂ ಬಂದಿಲ್ಲ ಎಂದರು. ಅವರ ಇಡೀ ವಾಕ್ಯ, ನಡುವಿನ ಚಿಕ್ಕ ಪದಗಳ ಸಮೇತ, ನನಗೆ ಕೇಳಿಸಿತು.

ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಅಮ್ಮನಿಗೆ ಫೋನ್ ಮಾಡಿ ತಿಳಿಸಿ, ಸಿಬ್ಬಂದಿಯ ಕೋಣೆಯಲ್ಲಿ ಅಕ್ಕನ ಪಕ್ಕ ಮಲಗಿದೆ. ಮಲಗುವ ಮೊದಲು 204ಕ್ಕೆ ಫೋನ್ ಮಾಡಿ, ಸಮಯವನ್ನು ಅಂಕಿಗಳಲ್ಲಿ ಹೇಳಿದೆ: ಫೋರ್ ಫಾರ್ಟಿಫೈವ್. ಅದನ್ನು ಅವರೂ ಒಮ್ಮೆ ಹೇಳಲಿ ಎಂದು ಕೇಳಿಕೊಂಡೆ, ‘ಕುಡ್ ಯು’ ಎಂದು ಆರಂಭಿಸಿ. ಬೆಳಿಗ್ಗೆ ನಾನೇ ಎಬ್ಬಿಸಿದೆ, ಟ್ಯಾಕ್ಸಿಯ ಕೆಂಪು ದೀಪಗಳು ಹೆದ್ದಾರಿಗೆ ಸೇರುವವರೆಗೆ ಬಾಗಿಲಲ್ಲಿ ನಿಂತಿದ್ದೆ.

ಎಂಟೂವರೆಗೆ ಅವರು ಮರಳಿದರು. ಸೂರ್ಯ ಕಂಡನೇ ಎಂದು ಓಡಿಹೋಗಿ ಕೇಳಿದೆ. ಇಲ್ಲವಂತೆ. ಬೆಟ್ಟದ ತುಂಬ ಬೆಳ್ಳಗೆ ಕವಿದಿತ್ತಂತೆ, ಪಕ್ಕದಲ್ಲಿದ್ದವರ ಮುಖವೂ ಕಾಣಿಸಲಿಲ್ಲವಂತೆ. ನನಗೆ ಅಳುವೇ ಬಂತು. ಆ ತಾಯಿಯ ಕೂದಲಿನಲ್ಲಿ ಇನ್ನೂ ಸಣ್ಣ ಹನಿಗಳಿದ್ದವು, ಮುಖ ಅರಳಿತ್ತು. ಇಂಥದ್ದನ್ನು ನಮ್ಮ ಊರಿನ ಬೆಟ್ಟಗಳಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ, ಇಲ್ಲಿ ಸಿಕ್ಕಿತೆಂದು ಸಂತೋಷವಾಯಿತು ಎಂದು, ಅದರ ಹೆಸರನ್ನು ಹೇಳಿದರು: ‘ಮಿಸ್ಟ್’.

ನನ್ನ ಮೇಜಿನ ಖಾನೆಯಲ್ಲಿ ಒಂದು ನೋಟ್‌ಬುಕ್ ಇದೆ. ಕೇಳಿದ ಪದಗಳನ್ನು ಅದರಲ್ಲಿ ಬರೆದಿಡುತ್ತೇನೆ. ಅವರು ಮೆಟ್ಟಿಲು ಹತ್ತಿದ ಮೇಲೆ ತೆರೆದು ನೋಡಿದೆ. ‘ಮಂಜು’ ಎಂಬುದರ ಎದುರು ನಾನು ಕೆಲಸಕ್ಕೆ ಸೇರಿದ ತಿಂಗಳೇ ‘ಸ್ನೋ’ ಎಂದು ಬರೆದಿದ್ದೆ. ಹಿಮಕ್ಕೂ ನಂದಿ ಬೆಟ್ಟದ ಮೇಲೆ ಕವಿಯುವುದಕ್ಕೂ ನಾವು ಮಂಜು ಎಂದೇ ಅನ್ನುತ್ತೇವಲ್ಲ. ಅದನ್ನೇ ನಂಬಿ ಎಷ್ಟು ಜನ ಅತಿಥಿಗಳಿಗೆ ಫೋನಿನಲ್ಲಿ, ಇಲ್ಲಿ ಬೆಳಿಗ್ಗೆ ಹಿಮ ಬೀಳುತ್ತದೆ ಬನ್ನಿ ಎಂದು ಹೇಳಿದ್ದೆನೋ. ಆ ಪದದ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ‘ಮಿಸ್ಟ್’ ಎಂದು ಬರೆದು, ಅಂದಿನ ತಾರೀಖು ಹಾಕಿದೆ.