ಮಾತಾಡದ ವೇಷಗಳ ಊರಲ್ಲಿ ಒಂದು ಮಂಗಳವಾರ

ಅಂಗಳದಲ್ಲಿ ಒಬ್ಬ ಹುಡುಗ ಕಾಲು ಅಗಲಿಸಿ ನಿಂತಿದ್ದ. ಮೈಮೇಲೆ ತುಪ್ಪಳ ಸಮೇತದ ಕರಿಕುರಿಯ ಚರ್ಮ. ಹಿಂದಿನಿಂದ ಇಬ್ಬರು ಅವನ ಬೆನ್ನಿಗೆ ದನದ ಗಂಟೆಗಳ ಗೊಂಚಲು ಹೊರಿಸಿ, ತೊಗಲಿನ ಪಟ್ಟಿಗಳನ್ನು ಜಗ್ಗಿ ಜಗ್ಗಿ ಬಿಗಿಯುತ್ತಿದ್ದರು. ಒಬ್ಬರಂತೂ ಅವನ ಸೊಂಟಕ್ಕೆ ಮಂಡಿ ಊರಿ ಎಳೆದರು. ಹುಡುಗ ಉಸಿರು ಬಿಗಿಹಿಡಿದ, ತುಟಿ ಬಿಚ್ಚಲಿಲ್ಲ. ಸಡಿಲ ಬಿಟ್ಟರೆ ಗಂಟೆ ಮೈಯ ಜೊತೆ ಹಾರುವುದಿಲ್ಲ, ಸದ್ದು ಚೆದುರಿಹೋಗುತ್ತದೆ ಎಂದು ಪಕ್ಕದಲ್ಲಿದ್ದ ಹಿರಿಯರು ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ತಿಳಿಸಿದರು. ಆ ಹೊರೆ 20ರಿಂದ 30 ಕಿಲೊ ತೂಗುತ್ತದಂತೆ. ಕೊನೆಗೆ ಕಪ್ಪು ಮರದ ಮುಖವಾಡ ಬಂತು: ಉಬ್ಬಿದ ಕೆನ್ನೆ, ದಪ್ಪ ಮೂಗು, ನೋವುಂಡವರ ಹಾಗೆ ಬಾಗಿದ ಬಾಯಿ. ಅದನ್ನು ಕಟ್ಟಿ, ಮೇಲೊಂದು ಹೆಂಗಸರ ತಲೆವಸ್ತ್ರ ಸುತ್ತಿದರು. ಆಗಷ್ಟೇ ನಮ್ಮನ್ನು ನೋಡಿ ನಕ್ಕಿದ್ದ ಹುಡುಗ ಅಲ್ಲಿ ಇರಲೇ ಇಲ್ಲ. ಮಮುತೋನೆ ಇತ್ತು, ಈ ಊರಿನ ಕಾರ್ನಿವಲ್ಲಿನ ಕಪ್ಪು ವೇಷ.

ಊರಿನ ಹೆಸರು ಮಮೋಯಾದ. ಇಟಲಿಯ ಸಾರ್ಡೀನಿಯಾ ದ್ವೀಪದ ನಡುಮಧ್ಯೆ, ಬಾರ್ಬಾಜಿಯಾ ಎಂಬ ಗುಡ್ಡಗಾಡಿನಲ್ಲಿದೆ. ನುವೋರೊ ಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದೆವು. ಎರಡೂವರೆ ಸಾವಿರದಷ್ಟು ಜನ; ಕುರಿ ಮತ್ತು ದ್ರಾಕ್ಷಿ ಅವರ ಬದುಕು. ಜನವರಿ 17ರ ಸಂತ ಅಂತೋನಿಯ ಹಬ್ಬಕ್ಕೆ ಬೀದಿಬೀದಿಯ ಬೆಂಕಿಯ ಸುತ್ತ ಕುಣಿದು ವೇಷಗಳು ವರ್ಷದ ಮೊದಲ ಬಾರಿಗೆ ಹೊರಬೀಳುತ್ತವೆ. ಆಮೇಲೆ ಕಾರ್ನಿವಲ್ಲಿನ ಭಾನುವಾರ, ಮಂಗಳವಾರ. ನಾವು ಹೋದದ್ದು ಆ ಕೊನೆಯ ಮಂಗಳವಾರಕ್ಕೆ. ಮರುದಿನ ಬೂದಿ ಬುಧವಾರ, ಕ್ರೈಸ್ತರ ಉಪವಾಸದ ಕಾಲ ಶುರು.

ಬೀದಿಯ ತಿರುವಿನಲ್ಲಿ ಕಾಯುತ್ತಿದ್ದೆವು. ಮೊದಲು ಬಂದದ್ದು ಸದ್ದು. ಝಲ್... ಮೌನ... ಝಲ್. ನೆಲದ ಕಲ್ಲು ಅದುರಿತು, ಎದೆಗೂಡಿನೊಳಗೆ ಬಂದು ಬಡಿಯಿತು. ಎರಡು ಸಾಲು, ಸಾಲಿಗೆ ಆರು ಜನ. ಕಾಲಿಗೆ ಸಂಕೋಲೆ ಬಿದ್ದವರಂತೆ ಬಾಗಿ, ಒಂದು ಹೆಜ್ಜೆ ಇಟ್ಟು ಭುಜ ಒದರುತ್ತಾರೆ. ಹನ್ನೆರಡು ಬೆನ್ನಿನ ಗಂಟೆಗಳು ಒಂದೇ ಗಂಟೆಯಾಗಿ ಮೊಳಗುತ್ತವೆ. ಹಾಡಿಲ್ಲ, ನಗುವಿಲ್ಲ, ಒಂದು ಮಾತಿಲ್ಲ. ಕಾರ್ನಿವಲ್ ಎಂದರೆ ಗದ್ದಲ ಎಂದು ತಿಳಿದಿದ್ದ ನನಗೆ ದೇವರ ಉತ್ಸವ ಬಂದಾಗ ಆಗುವಂತೆ ಕೈ ತಾನಾಗಿ ಜೋಡಿಸುವಂತಾಯಿತು.

ಅವರ ಅಕ್ಕಪಕ್ಕ ಕೆಂಪು ಕುಪ್ಪಸ, ಬಿಳಿ ಚಲ್ಲಣದ ಇಸ್ಸೊಹಾದೋರೆಗಳು. ಸಾಲಿಗೆ ಹೆಜ್ಜೆ ಹಾಕಿಸುವವರು ಅವರೇ. ಕೈಯಲ್ಲಿ ಸೊಹಾ ಎಂಬ ಹಗ್ಗ. ಬೀಸಿದರೆ ಗುಂಪಿನ ನಡುವೆ ತಾವು ಗುರುತಿಟ್ಟವರ ಮೇಲೇ ಬೀಳಬೇಕು. ನಾನು ಫೋನು ತೆಗೆಯುವಷ್ಟರಲ್ಲಿ ಕುಣಿಕೆ ನನ್ನ ಹೆಂಡತಿಯ ತಲೆ ದಾಟಿ ಹೆಗಲ ಮೇಲೆ ಕೂತಿತ್ತು. ಅವಳ ಹಣೆಯ ಬೊಟ್ಟಿಗೆ ಕೂಡ ತಾಕಿರಲಿಲ್ಲ. ಹಗ್ಗ ಬೀಸಿದವ ಮೆಲ್ಲಗೆ ಎಳೆದುಕೊಂಡು, ತಲೆಬಾಗಿ, ಬಿಟ್ಟ. ಪಕ್ಕದ ಅಜ್ಜಿಗೆ ಸಡಗರವೋ ಸಡಗರ, ಅವಳ ಕೈ ಹಿಡಿದು ಅಲ್ಲಾಡಿಸಿದರು. ಹೆಣ್ಣುಮಕ್ಕಳಿಗೆ ಸೊಹಾ ಬಿದ್ದರೆ ಒಳ್ಳೆಯದಾಗುತ್ತದಂತೆ. ಹಿಂದೆ ಜಮೀನುದಾರರನ್ನು ಹಿಡಿದರೆ ಅವರು ಮನೆಗೆ ಕರೆದು ವೈನು, ತಿಂಡಿ ಕೊಟ್ಟೇ ಬಿಡುಗಡೆ ಪಡೆಯಬೇಕಿತ್ತು.

ಈ ವೇಷಗಳ ಮೂಲದ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಉತ್ತರ ಆಫ್ರಿಕಾದಿಂದ ಬಂದ ಮೂರ್‌ ಜನಾಂಗದ ದಾಳಿಕೋರರನ್ನು ಸೆರೆಹಿಡಿದ ನೆನಪು ಎನ್ನುತ್ತಾರೆ ಕೆಲವರು, ಮಳೆಬೆಳೆಗಾಗಿ ನಡೆಯುತ್ತಿದ್ದ ಬಹು ಹಿಂದಿನ ಆರಾಧನೆ ಎನ್ನುತ್ತಾರೆ ಇನ್ನು ಕೆಲವರು. 2001ರಲ್ಲಿ ತೆರೆದ ಇಲ್ಲಿನ ಮುಖವಾಡಗಳ ಮ್ಯೂಸಿಯಂನಲ್ಲಿ ಸುತ್ತಾಡಿದ ಮೇಲೆ ನನಗೆ ಎರಡನೆಯದೇ ಸರಿ ಅನ್ನಿಸಿತು. ಚರ್ಮ ಅವರ ಕುರಿಯದು, ಮುಖವಾಡ ಅವರ ಕಾಡಿನ ಮರದ್ದು, ಗಂಟೆಗೆ ಹೆಸರಾದ ತೊನಾರಾ ಅದೇ ಗುಡ್ಡಗಳ ಊರು. ದನ ಕುರಿ ನಂಬಿದವರು ಬೇರೆ ಯಾವ ವೇಷ ಹಾಕಿಯಾರು?

ಕತ್ತಲಾದಾಗ ಜುವಾನ್ನೆ ಮಾರ್ತಿಸ್ ಸೇರೊ ಬಂದ. 'ಮಂಗಳವಾರ ಸಂಜೆಯ ಜುವಾನ್ನೆ' ಎಂಬ ಈ ಗೊಂಬೆಯೇ ಕಾರ್ನಿವಲ್. ಗಾಡಿಯಲ್ಲಿ ಸಾಗಿಸುತ್ತಾ ಅದರ ಸಾವಿಗೆ ಗಂಡಸರು ರಾಗವಾಗಿ ಅತ್ತರು. ಚೌಕದಲ್ಲಿ ಬಂದವರಿಗೆಲ್ಲ ಹಂದಿಕೊಬ್ಬಿನಲ್ಲಿ ಬೇಯಿಸಿದ ಅವರೆಯಂಥ ದಪ್ಪ ಕಾಳು, ಕನ್ನೊನಾವು ವೈನು. ಮಾಂಸ ತಿನ್ನದ ನಮಗೆ ಅದೇ ಅಜ್ಜಿ ಮನೆಯಿಂದ ರೊಟ್ಟಿ, ಕುರಿಹಾಲಿನ ಚೀಸ್ ತಂದುಕೊಟ್ಟರು. ಮಧ್ಯಾಹ್ನದ ಹುಡುಗ ಎದುರಿನ ಬೆಂಚಿನಲ್ಲಿದ್ದ. ಪಟ್ಟಿ ಒತ್ತಿದ್ದ ಹೆಗಲನ್ನು ಒಂದು ಕೈಯಲ್ಲಿ ತಿಕ್ಕಿಕೊಳ್ಳುತ್ತಾ, ಇನ್ನೊಂದರಲ್ಲಿ ಗಬಗಬ ಉಣ್ಣುತ್ತಿದ್ದ.

ಬೆಳಿಗ್ಗೆ ನುವೋರೊ ಬಸ್ಸು ಊರು ದಾಟುತ್ತಲೇ ನಿಂತಿತು. ಮುಂದೆ ಕುರಿಮಂದೆ ರಸ್ತೆ ದಾಟುತ್ತಿತ್ತು, ಕೊರಳಲ್ಲಿ ಗಂಟೆ. ಚಾಲಕ ಹಾರ್ನ್ ಮಾಡಲಿಲ್ಲ, ಎಂಜಿನ್ ಆರಿಸಿ ಕೂತ.